ಎಪ್ಪತ್ತು ತುಂಬಿದ ಗುರು: ಕಾನ್ಸಾಸಿನ ಫಾಗ್ ಆಲೆನ್

ಅಮೇರಿಕದ ಕಾನ್ಸಾಸ್ ಸಂಸ್ಥಾನದಲ್ಲಿ ಲಾರೆನ್ಸ್ ಎಂಬುದೊಂದು ಊರು. ಅಲ್ಲಿನ ವಿಶ್ವವಿದ್ಯಾನಿಲಯದ ಕ್ರೀಡಾಮಂದಿರದಲ್ಲಿ 1955ನೇ ಇಸವಿಯ ನವೆಂಬರ್ 18ರ ರಾತ್ರಿ ಒಂದು ಬಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಎದುರಾಳಿಗಳು ಹೊರಗಿನವರಲ್ಲ, ಒಂದು ಕಡೆ ಅದೇ ವಿಶ್ವವಿದ್ಯಾನಿಲಯದ ಹಿರಿಯ ತಂಡ, ಇನ್ನೊಂದು ಕಡೆ ಆ ವರ್ಷವಷ್ಟೇ ಸೇರಿದ ಹುಡುಗರು. ಇಂಥ ಮನೆಯೊಳಗಿನ ಪಂದ್ಯಕ್ಕೂ ಸುಮಾರು 14,000 ಮಂದಿ ಸೇರಿದ್ದರು. ಹಿರಿಯರು 71 ಅಂಕ, ಹುಡುಗರು 81. ಆ 81ರಲ್ಲಿ 42 ಅಂಕ ಒಬ್ಬನೇ ಹುಡುಗನದು. ಆತ ಫಿಲಡೆಲ್ಫಿಯಾದಿಂದ ಬಂದ, ಏಳಡಿ ಎತ್ತರದ ವಿಲ್ಟ್ ಚೇಂಬರ್ಲೇನ್.

ತನ್ನ ಹಿರಿಯ ತಂಡ ಸೋತರೂ ಆ ರಾತ್ರಿ ಕೋಚ್ ಆಲೆನ್‌ರಿಗೆ ದುಃಖಪಡುವ ಕಾರಣವಿರಲಿಲ್ಲ. ಆ ಹುಡುಗನನ್ನು ಲಾರೆನ್ಸಿಗೆ ತಂದವರು ಅವರೇ. ಆದರೆ ಅಂದು ಅವರಿಗೆ ಸರಿಯಾಗಿ 70 ವರ್ಷ ತುಂಬಿತ್ತು. ಆ ಕಾಲದಲ್ಲಿ ಕಾನ್ಸಾಸಿನ ಸರಕಾರಿ ನೌಕರರು 70 ತುಂಬಿದರೆ ನಿವೃತ್ತರಾಗಲೇಬೇಕಿತ್ತು. ಹೆಚ್ಚೆಂದರೆ ಆ ವಿದ್ಯಾವರ್ಷ ಮುಗಿಯುವ ತನಕ ಇರಬಹುದಿತ್ತು. ಇನ್ನೊಂದು ಕಡೆ, ಮೊದಲ ವರ್ಷದ ವಿದ್ಯಾರ್ಥಿ ಹಿರಿಯ ತಂಡದಲ್ಲಿ ಆಡಬಾರದೆಂಬುದು ಆ ಕಾಲದ ಕಾಲೇಜು ಕ್ರೀಡೆಯ ನಿಯಮ. ಅಂದರೆ ಶಿಷ್ಯನು ಅಂಗಳಕ್ಕಿಳಿಯುವ ವರ್ಷ ಗುರುವು ಮನೆಗೆ ಹೋಗಬೇಕು. ಈ ಎರಡು ನಿಯಮಗಳ ನಡುವೆ ಸಿಕ್ಕಿಬಿದ್ದ ಮನುಷ್ಯನ ಕಥೆಯಿದು.

ಫಾರೆಸ್ಟ್ ಕ್ಲೇರ್ ಆಲೆನ್ ಹುಟ್ಟಿದ್ದು 1885ರಲ್ಲಿ, ಮಿಸ್ಸೂರಿ ಸಂಸ್ಥಾನದ ಜೇಮ್ಸ್‌ಪೋರ್ಟ್ ಎಂಬ ಸಣ್ಣ ಊರಲ್ಲಿ. ಆರು ಮಂದಿ ಗಂಡುಮಕ್ಕಳ ಮನೆ. ಎಲ್ಲರಿಗೂ ಚೆಂಡಿನ ಹುಚ್ಚು. ಬೇಸ್‌ಬಾಲ್ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಂತಾಗ ಈತನ ಕೂಗು ಮಂಜಿನಲ್ಲಿ ಹಡಗುಗಳು ಊದುವ ಕಹಳೆಯಂತೆ ಕೇಳಿಸುತ್ತಿತ್ತಂತೆ. ಅಲ್ಲಿಂದ ಮಂಜು ಎಂಬರ್ಥದ ಫಾಗ್ ಎಂಬ ಅಡ್ಡಹೆಸರು ಅಂಟಿಕೊಂಡಿತು. ಪತ್ರಿಕೆಯವರು ಅದರ ಕಾಗುಣಿತವನ್ನು ಸ್ವಲ್ಪ ಅಲಂಕರಿಸಿದರು. ಆಮೇಲೆ ಹುಟ್ಟುಹೆಸರಿನಿಂದ ಕರೆದವರು ಕಡಿಮೆ.

ಬಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಗೋಡೆಗೆ ಹಣ್ಣಿನ ಬುಟ್ಟಿ ಕಟ್ಟಿ ಆರಂಭಿಸಿದ ಜೇಮ್ಸ್ ನೈಸ್ಮಿತ್ 1898ರಿಂದ ಕಾನ್ಸಾಸಿನಲ್ಲೇ ಅಧ್ಯಾಪಕರು. ಆಲೆನ್ ಅವರ ಶಿಷ್ಯನಾಗಿ ಆಡಿದರು. ನೈಸ್ಮಿತ್ ದೇವರಂಥ ಮನುಷ್ಯ. ಅವರ ದೃಷ್ಟಿಯಲ್ಲಿ ಬಾಸ್ಕೆಟ್‌ಬಾಲ್ ಎಂದರೆ ವ್ಯಾಯಾಮ. ಅದಕ್ಕೆ ಕಲಿಸುವವನೊಬ್ಬ ಬೇಕೆಂದೇ ಅವರು ನಂಬಿರಲಿಲ್ಲ. ಆಟವನ್ನು ಹುಟ್ಟಿಸಿದ ಅವರ ಲೆಕ್ಕದಲ್ಲಿ ಗೆಲುವು 55, ಸೋಲು 60. ಕಾನ್ಸಾಸಿನ ಚರಿತ್ರೆಯಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಬಾಸ್ಕೆಟ್‌ಬಾಲ್ ಕೋಚ್ ಅವರೊಬ್ಬರೇ! ಶಿಷ್ಯ ಇದಕ್ಕೆ ತದ್ವಿರುದ್ಧ. ಹತ್ತೊಂಬತ್ತರ ಪ್ರಾಯದಲ್ಲೇ ಅವರು ನ್ಯೂಯಾರ್ಕ್ ಸಂಸ್ಥಾನದ ಹೆಸರುವಾಸಿಯಾದ ಬಫೆಲೋ ಜರ್ಮನ್ಸ್ ತಂಡವನ್ನು ಕಾನ್ಸಾಸ್ ಸಿಟಿಗೆ ಕರೆಸಿ, ವಿಶ್ವ ಚಾಂಪಿಯನ್ ಪಟ್ಟಕ್ಕೆಂದು ಮೂರು ಪಂದ್ಯ ಏರ್ಪಡಿಸಿ, ತಾವೂ ಆಡಿ, ಪಟ್ಟವನ್ನು ತಮ್ಮ ಊರಲ್ಲೇ ಉಳಿಸಿಕೊಂಡರು.

1907ರಲ್ಲಿ ನೈಸ್ಮಿತ್‌ರ ಸ್ಥಾನಕ್ಕೆ ಆಲೆನ್ ಬಂದರು. 1908-09ರಲ್ಲಿ ಕಾನ್ಸಾಸ್, ಬೇಕರ್ ಮತ್ತು ಮೂಲನಿವಾಸಿಗಳ ಹ್ಯಾಸ್ಕೆಲ್ ಶಾಲೆ, ಹೀಗೆ ಮೂರು ತಂಡಗಳಿಗೆ ಏಕಕಾಲಕ್ಕೆ ಕಲಿಸಿದರು. ಅಷ್ಟರಲ್ಲಿ ಆಟವನ್ನು ಬಿಟ್ಟು ಆಸ್ಟಿಯೋಪಥಿ ಕಲಿಯಲು ಹೋದರು. ಎಲುಬು, ಸ್ನಾಯುಗಳನ್ನು ಕೈಯಿಂದ ಒತ್ತಿ ತಿದ್ದುವ ವೈದ್ಯಪದ್ಧತಿಯದು. ಪದವಿ ಪಡೆದು, ವಾರೆನ್ಸ್‌ಬರ್ಗಿನ ಶಿಕ್ಷಕರ ಕಾಲೇಜಿನಲ್ಲಿ ಏಳು ವರ್ಷ ಕಲಿಸಿ, 1919ರಲ್ಲಿ ಲಾರೆನ್ಸಿಗೆ ಮರಳಿದರು. ಊರವರಿಗೆ ಅವರು ಡಾಕ್ಟರ್ ಆಲೆನ್ ಆದರು.

ಮುಂದಿನ ಹದಿನೆಂಟು ವರ್ಷ ಅವರು ಕೇವಲ ಕೋಚ್ ಅಲ್ಲ, ವಿಶ್ವವಿದ್ಯಾನಿಲಯದ ಇಡೀ ಕ್ರೀಡಾ ವಿಭಾಗದ ನಿರ್ದೇಶಕರು. 1920ರಲ್ಲಿ ಫುಟ್‌ಬಾಲ್ ತಂಡವನ್ನೂ ಅವರೇ ನಡೆಸಿದರು. ಆ ವರ್ಷ ಬಲಾಢ್ಯ ನೆಬ್ರಾಸ್ಕದ ಎದುರು 20 ಅಂಕ ಹಿಂದಿದ್ದ ತಂಡ ಉತ್ತರಾರ್ಧದಲ್ಲಿ 20-20 ಸಮ ಮಾಡಿತು. ಆ ಹುರುಪಿನಲ್ಲಿ ಹೊಸ ಕ್ರೀಡಾಂಗಣಕ್ಕೆ ಚಂದಾ ಎತ್ತಿ ಕಟ್ಟಿಸಿಯೂ ಆಯಿತು. ಬಾಸ್ಕೆಟ್‌ಬಾಲಿನಲ್ಲಿ ತಂಡಕ್ಕೆ ಯಾರು, ಊಟ ಏನು, ನಿದ್ದೆ ಎಷ್ಟು ಎಂಬುದೆಲ್ಲ ಅವರದೇ ತೀರ್ಮಾನ. ಪಂದ್ಯದ ಮೊದಲು ಹುಡುಗರ ಪಾದ ಬೆಚ್ಚಗಿರಬೇಕೆಂದು ಅವರ ಹಠ. ತಾವು ಮಾತ್ರ ಬದಿಯ ಬೆಂಚಿನಲ್ಲಿ ಕುಳಿತು ಬಾಟ್ಲಿಗಟ್ಟಲೆ ನೀರು ಕುಡಿಯುತ್ತಿದ್ದರು.

ಈ ಸ್ವಾತಂತ್ರ್ಯವೇ ಅವರ ಬಲ, ಅದುವೇ ಅವರಿಗೆ ಶತ್ರುಗಳನ್ನೂ ತಂದಿತು. 1927ರಲ್ಲಿ ನಿಯಮ ಸಮಿತಿಯವರು ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡುವುದನ್ನು ಒಂದೇ ಪುಟಿತಕ್ಕೆ ಕಡಿತಗೊಳಿಸಲು ಹೊರಟಾಗ, ಆಲೆನ್ ದೇಶದ ಕೋಚ್‌ಗಳನ್ನು ಒಟ್ಟುಗೂಡಿಸಿ ಸಂಘ ಕಟ್ಟಿ ಆ ಕ್ರಮವನ್ನು ಹಿಂತೆಗೆಸಿದರು. ಇಂದಿನ ಬಾಸ್ಕೆಟ್‌ಬಾಲಿನಲ್ಲಿ ಆಟಗಾರ ಚೆಂಡು ಪುಟಿಸುತ್ತ ನುಗ್ಗುವುದನ್ನು ನೋಡಿ ಚಪ್ಪಾಳೆ ತಟ್ಟುವವರು ಅವರನ್ನು ನೆನೆಯಬೇಕು. 1936ರ ಬರ್ಲಿನ್ ಒಲಿಂಪಿಕ್ಸಿಗೆ ಬಾಸ್ಕೆಟ್‌ಬಾಲ್ ಸೇರಬೇಕೆಂದು ವರ್ಷಗಟ್ಟಲೆ ಓಡಾಡಿದವರಲ್ಲಿ ಅವರು ಮುಂದಾಳು. ವೃದ್ಧ ನೈಸ್ಮಿತ್‌ರನ್ನು ಬರ್ಲಿನ್ನಿಗೆ ಕಳಿಸಲು ಕೋಚ್‌ಗಳ ಸಂಘ ಹಣ ಕೂಡಿಸಿತು. ಆಲೆನ್ ಮಾತ್ರ ಒಲಿಂಪಿಕ್ ಆಡಳಿತಗಾರರೊಂದಿಗೆ ಜಗಳ ಮಾಡಿಕೊಂಡು ಊರಲ್ಲೇ ಉಳಿದರು. ಮರುವರ್ಷ, 1937ರಲ್ಲಿ, ನಿರ್ದೇಶಕರ ಹುದ್ದೆಯೂ ಅವರ ಕೈ ಬಿಟ್ಟಿತು. ಕೋಚ್ ಹುದ್ದೆ ಉಳಿಯಿತು.

ಮಾತು ಅವರಿಗೆ ತಡೆಯುತ್ತಿರಲಿಲ್ಲ. ಕೆಲವೊಮ್ಮೆ ಅದು ಅಧಿಕಪ್ರಸಂಗ, ಕೆಲವೊಮ್ಮೆ ಭವಿಷ್ಯವಾಣಿ. ಜೂಜುಕೋರರು ಕಾಲೇಜು ಆಟಗಾರರಿಗೆ ಹಣದ ಆಮಿಷ ತೋರಿಸುತ್ತಿದ್ದಾರೆಂದು 1944ರಲ್ಲೇ ಬಹಿರಂಗವಾಗಿ ಹೇಳಿದರು. ಹುಡುಗರಿಗೆ ಕಳಂಕ ಹಚ್ಚುತ್ತಿದ್ದಾರೆಂದು ಅವರನ್ನೇ ಬೈದವರುಂಟು. 1951ರಲ್ಲಿ ನ್ಯೂಯಾರ್ಕಿನ ಹಗರಣ ಬಯಲಾದಾಗ ಬೈದವರು ಸುಮ್ಮನಾದರು.

ಇಷ್ಟು ಹೊಗಳಿದ ಮೇಲೆ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಅವರ ಅಧಿಕಾರದ ಬಹುಭಾಗದಲ್ಲಿ ಕಾನ್ಸಾಸ್ ತಂಡದಲ್ಲಿ ಕಪ್ಪು ಜನಾಂಗದ ಒಬ್ಬ ಹುಡುಗನಿಗೂ ಜಾಗವಿರಲಿಲ್ಲ. ಜಾನ್ ಮೆಕ್ಲೆಂಡನ್ ಎಂಬ ಕಪ್ಪು ವಿದ್ಯಾರ್ಥಿ 1930ರ ದಶಕದಲ್ಲಿ ಅಲ್ಲೇ ಓದಿ, ನೈಸ್ಮಿತ್‌ರ ಬಳಿ ಪಾಠ ಹೇಳಿಸಿಕೊಂಡು, ಮುಂದೆ ದೇಶದ ಶ್ರೇಷ್ಠ ಕೋಚ್‌ಗಳಲ್ಲಿ ಒಬ್ಬರಾದರು. ಆದರೆ ವಿಶ್ವವಿದ್ಯಾನಿಲಯದ ತಂಡದಲ್ಲಿ ಅವರಿಗೆ ಆಡಲು ಬಿಡಲಿಲ್ಲ. ತಂಡದ ಬಾಗಿಲು ಕಪ್ಪು ಆಟಗಾರನಿಗೆ ತೆರೆದದ್ದು 1950ರ ದಶಕ ಬಂದಾಗ, ಲವಾನ್ಸ್ ಸ್ಕ್ವೈರ್ಸ್ ಮೂಲಕ. ಎಲ್ಲವನ್ನೂ ತಾವೇ ತೀರ್ಮಾನಿಸುತ್ತಿದ್ದ ಮನುಷ್ಯ ಇದನ್ನು ಮಾತ್ರ ಊರಿನ ರೂಢಿಗೆ ಬಿಟ್ಟುಕೊಟ್ಟದ್ದು ಹೇಗೆಂದು ಕೇಳದಿರಲಾಗದು.

1952ರಲ್ಲಿ ಆಲೆನ್‌ರಿಗೆ ಪರಮ ಪದವಿ ಸಿಕ್ಕಿತು. ಆರಡಿ ಒಂಬತ್ತಂಗುಲದ ಕ್ಲೈಡ್ ಲವ್‌ಲೆಟ್ ಮುಂದಾಳುತನದ ತಂಡ ಸಿಯಾಟಲ್‌ನಲ್ಲಿ ಸೈಂಟ್ ಜಾನ್ಸ್ ತಂಡವನ್ನು 80-63ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿತು. ಅದೇ ವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅಮೇರಿಕದ ತಂಡದಲ್ಲಿ ಏಳು ಮಂದಿ ಅವರ ಹುಡುಗರು. ಅವರು ಸಹಾಯಕ ಕೋಚ್. ಮರುವರ್ಷ ಫೈನಲಿನಲ್ಲಿ ಇಂಡಿಯಾನದ ಎದುರು ಒಂದೇ ಅಂಕದ ಸೋಲು. 1955ರ ಮಾರ್ಚ್ 1ರಂದು, 17,000ಕ್ಕೂ ಮಿಕ್ಕಿ ಜನ ನೆರೆದು ಹೊಸ ಕ್ರೀಡಾಮಂದಿರದ ಪ್ರಾರಂಭೋತ್ಸವ ನಡೆಯಿತು. ಇನ್ನೂ ಕೆಲಸದಲ್ಲಿದ್ದ ಮನುಷ್ಯನ ಹೆಸರನ್ನೇ ಕಟ್ಟಡಕ್ಕಿಟ್ಟರು: ಆಲೆನ್ ಫೀಲ್ಡ್‌ಹೌಸ್.

ಆ ಕಟ್ಟಡ ತುಂಬಲು ಒಬ್ಬ ಆಟಗಾರ ಬೇಕಿತ್ತು. ಚೇಂಬರ್ಲೇನ್‌ಗಾಗಿ ಆಗ ನೂರಕ್ಕೂ ಹೆಚ್ಚು ಕಾಲೇಜುಗಳು ಕಾದಿದ್ದವು. ಆಲೆನ್ ಫಿಲಡೆಲ್ಫಿಯಾಕ್ಕೆ ಹೋಗಿ ಹುಡುಗನ ತಾಯಿಯ ಮನ ಗೆದ್ದರು, ಕಾನ್ಸಾಸ್ ಸಿಟಿಯ ಕಪ್ಪು ಜನಾಂಗದ ಗಣ್ಯರ ನೆರವನ್ನೂ ಪಡೆದರು. ತಮಾಷೆಯೆಂದರೆ, ಎತ್ತರದವರಿಂದ ಆಟ ಕೆಡುತ್ತದೆ, ಹತ್ತಡಿಯ ಬುಟ್ಟಿಯನ್ನು ಹನ್ನೆರಡಡಿಗೆ ಏರಿಸಬೇಕು ಎಂದು ವರ್ಷಗಳಿಂದ ವಾದಿಸುತ್ತಿದ್ದವರೂ ಇವರೇ. ಬುಟ್ಟಿ ಏರಲಿಲ್ಲ, ಹಾಗಾದರೆ ಎತ್ತರದವನನ್ನೇ ತರೋಣವೆಂದು ತಂದರು.

ಆಮೇಲಿನ ವಾಗ್ವಾದ ಬಹಳ ಜೋರಿನದು. ಮೇಳದ ಭಾಗವತರು ಬದಲಾಗುತ್ತಾರೆಂದರೆ ನಮ್ಮಲ್ಲಿ ಅಂಗಡಿ ಜಗಲಿಗಳಲ್ಲಿ ಹೇಗೆ ಮಾತು ನಡೆಯುತ್ತದೋ ಹಾಗೆಯೇ ಅಲ್ಲಿಯೂ ಎಂದಿಟ್ಟುಕೊಳ್ಳಿ. ಹಳೆ ವಿದ್ಯಾರ್ಥಿಗಳೂ ಅಭಿಮಾನಿಗಳೂ ನಿಯಮ ಸಡಿಲಿಸಬೇಕೆಂದು ಒತ್ತಾಯಿಸಿದರು. ಕಟ್ಟಿದವನಿಗೇ ಗೃಹಪ್ರವೇಶವಿಲ್ಲವೇ, ದೇಹ ಗಟ್ಟಿಯಿದೆ, ಹುಡುಗ ಬಂದದ್ದು ಇವರನ್ನು ನಂಬಿ, ಎರಡು ವರ್ಷ ಕೊಟ್ಟರೆ ಏನು ಹೋಗುತ್ತದೆ ಎಂಬುದು ಅವರ ವಾದ. ಎದುರು ವಾದವೂ ಹಗುರವಲ್ಲ. ಎಪ್ಪತ್ತರ ಪ್ರೊಫೆಸರರನ್ನು ಮನೆಗೆ ಕಳಿಸಿ, ಚೆಂಡಾಟ ಕಲಿಸುವವರನ್ನು ಉಳಿಸಿಕೊಂಡರೆ ವಿಶ್ವವಿದ್ಯಾನಿಲಯಕ್ಕೆ ಮಾನವೆಲ್ಲಿ? ಕೊನೆಯೆರಡು ವರ್ಷಗಳ ಲೆಕ್ಕವೂ ಸಾಧಾರಣ: 1954-55ರಲ್ಲಿ 11 ಗೆಲುವು 10 ಸೋಲು, 1955-56ರಲ್ಲಿ 14 ಮತ್ತು 9. ಆಲೆನ್‌ರು ಉಳಿಯಲು ಬಯಸಿದ್ದರು, ಅದನ್ನು ಅಡಗಿಸಲೂ ಇಲ್ಲ. ವಿಶ್ವವಿದ್ಯಾನಿಲಯಗಳ ಮೇಲಿನ ಆಡಳಿತ ಮಂಡಳಿ ಒಪ್ಪಲಿಲ್ಲ. 1956ರಲ್ಲಿ 39 ವರ್ಷಗಳ ಕಾನ್ಸಾಸ್ ಸೇವೆ ಮುಗಿಯಿತು. ಅಲ್ಲಿ 590 ಗೆಲುವು, 219 ಸೋಲು. ತಮ್ಮ ಹೆಸರಿನ ಮಂದಿರದಲ್ಲಿ ಅವರು ಕಲಿಸಿದ್ದು ಒಂದು ಪೂರ್ತಿ ವರ್ಷ ಮತ್ತು ಚೂರು.

ಪಿಂಚಣಿಯ ದಿನ ಬಂದಾಗ ಇನ್ನೂ ಬತ್ತದ ಮಾಸ್ತರರನ್ನು ಮನೆಗೆ ಕಳಿಸಿದ ನೆನಪು ನಮ್ಮ ಶಾಲೆಗಳಲ್ಲೂ ಇದೆ. ನನಗೆ ತೋರುವಂತೆ ಮಂಡಳಿ ಮಾಡಿದ್ದು ತಪ್ಪಲ್ಲ. ಆದರೆ ನಿಯಮ ಸರಿಯಾಗಿದ್ದರೂ ಅದು ಬಿದ್ದ ಘಳಿಗೆ ಕ್ರೂರವಾಗಿತ್ತು.

ಶಿಷ್ಯರೂ ಸಹಾಯಕರೂ ಆಗಿದ್ದ ಡಿಕ್ ಹಾರ್ಪ್ ಉತ್ತರಾಧಿಕಾರಿಯಾದರು. ಚೇಂಬರ್ಲೇನ್ ಡಿಸೆಂಬರ್ 3ರ ತನ್ನ ಮೊದಲ ಪಂದ್ಯದಲ್ಲೇ 52 ಅಂಕ ಗಳಿಸಿದ. 1957ರ ಮಾರ್ಚಿಯಲ್ಲಿ ಕಾನ್ಸಾಸ್ ಸಿಟಿಯಲ್ಲಿ ನಾರ್ತ್ ಕೆರೊಲಿನದ ಎದುರು ಫೈನಲ್. ಪಂದ್ಯದಾರಂಭದ ಜಿಗಿತಕ್ಕೆ ಅವರು ಏಳಡಿಯವನ ಎದುರು ತಮ್ಮ ತಂಡದ ಗಿಡ್ಡನನ್ನೇ ನಿಲ್ಲಿಸಿ ಅಣಕಿಸಿದರು. ಮೂರು ಬಾರಿ ಹೆಚ್ಚುವರಿ ಸಮಯ ಬೇಕಾಯಿತು. ಕೊನೆಯ ಕ್ಷಣಗಳ ಎರಡು ಫ್ರೀ ಥ್ರೋಗಳಿಂದ ಕಾನ್ಸಾಸ್ 54-53ರಿಂದ ಸೋತಿತು. ಒಂದೇ ಒಂದು ಅಂಕ! ಹಳೆ ಡಾಕ್ಟರು ಬೆಂಚಿನಲ್ಲಿದ್ದಿದ್ದರೆ ಎಂಬ ಮಾತು ಆ ರಾತ್ರಿ ಎಷ್ಟು ಮನೆಗಳಲ್ಲಿ ಕೇಳಿಬಂತೋ. ಆ ತಂಡ ಹಾರ್ಪ್‌ರ ಕೈಯಲ್ಲಿ 24 ಗೆದ್ದು 3 ಸೋತಿತ್ತೆಂಬುದನ್ನು ಮಾತ್ರ ಯಾರೂ ಎಣಿಸಲಿಲ್ಲ. 1958ರಲ್ಲಿ ಚೇಂಬರ್ಲೇನ್ ಪದವಿ ಮುಗಿಸದೆ ಹೊರಟುಹೋದ. ಆತನಿಗೆ ಅಭಿಮಾನಿಯೊಬ್ಬರ ಮೂಲಕ ಸಿಕ್ಕಿದ ಕಾರಿನ ವಿಷಯ ಬಯಲಾಗಿ 1960ರಲ್ಲಿ ವಿಶ್ವವಿದ್ಯಾನಿಲಯ ಶಿಕ್ಷೆ ಅನುಭವಿಸಿತು. 1964ರಲ್ಲಿ ಹಾರ್ಪ್ ರಾಜೀನಾಮೆ ಕೊಟ್ಟರು. ದೊಡ್ಡ ಮರದಡಿ ಬೆಳೆದ ಸಸಿಯ ಪಾಡು ಅವರದು.

ಆಲೆನ್ ಲಾರೆನ್ಸಿನಲ್ಲೇ ಉಳಿದು ತಮ್ಮ ವೈದ್ಯವೃತ್ತಿ ನಡೆಸಿದರು. ನೋವು ಹೊತ್ತು ಬಂದ ಆಟಗಾರರ ಬೆನ್ನು, ಮೊಣಕಾಲು ಒತ್ತುತ್ತಿದ್ದರು. 1974ರ ಸೆಪ್ಟೆಂಬರ್ 16ರಂದು, 88ರ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಶಿಷ್ಯರ ಪೈಕಿ ಇಬ್ಬರು ಗೆಲುವಿನ ಲೆಕ್ಕದಲ್ಲಿ ಗುರುವನ್ನೇ ಮೀರಿದರು. 1952ರ ತಂಡದಲ್ಲಿ ಬದಲಿ ಆಟಗಾರನಾಗಿದ್ದ ಡೀನ್ ಸ್ಮಿತ್, ಕಾನ್ಸಾಸನ್ನು ಸೋಲಿಸಿದ ಅದೇ ನಾರ್ತ್ ಕೆರೊಲಿನದ ಕೋಚ್ ಆಗಿ 879 ಗೆದ್ದರು. 1923ರ ತಂಡದ ಅಡಾಲ್ಫ್ ರಪ್ 1930ರಿಂದ ಕೆಂಟಕಿಯಲ್ಲಿ ಕಲಿಸಿ 876 ಗೆದ್ದರು. ರಪ್‌ಗೂ 1972ರಲ್ಲಿ ಎಪ್ಪತ್ತರ ನಿಯಮ ಅಡ್ಡ ಬಂತು. ಅಲ್ಲಿಯೂ ಅಭಿಮಾನಿಗಳು ಎರಡು ಪಂಗಡವಾದರು, ಅಲ್ಲಿಯೂ ನಿಯಮವೇ ಗೆದ್ದಿತು. 1977ರ ಡಿಸೆಂಬರ್ 10ರ ರಾತ್ರಿ ರಪ್ ಕೆಂಟಕಿಯಲ್ಲಿ ಕೊನೆಯುಸಿರೆಳೆದರು. ಅದೇ ರಾತ್ರಿ ಅವರ ಕೆಂಟಕಿ ತಂಡ ಲಾರೆನ್ಸಿನ ಆಲೆನ್ ಫೀಲ್ಡ್‌ಹೌಸಿನಲ್ಲಿ ಕಾನ್ಸಾಸಿನ ಎದುರು ಆಡುತ್ತಿತ್ತು. ಪಂದ್ಯವನ್ನು ರಪ್‌ರ ಗೌರವಾರ್ಥವೇ ಇಟ್ಟಿದ್ದರು. ಕೆಂಟಕಿ ಗೆದ್ದಿತು.