ಇಂದಿನ ಧಮ್ಮ ಚಿಂತನೆ: ಬಾಬಾಸಾಹೇಬರ ಕರಿಕೋಟಿನ ದಿನಗಳು

 

ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮ್ಮ ಬಳಗದ ಮನೆಗಳಲ್ಲಿ ಈಗ ಎಲ್‌ಎಲ್‌ಬಿ ಮುಗಿಸಿದ ಮಕ್ಕಳಿದ್ದಾರೆ. ಸೀನಿಯರ್ ಹತ್ತಿರ ಫೈಲು ಹೊತ್ತು, ಬಸ್ ಚಾರ್ಜಿಗೂ ಹಣ ಹುಟ್ಟದೆ, ಕೋರ್ಟೇ ಬೇಡ ಎನ್ನುವವರೂ ಇದ್ದಾರೆ. ಅವರಿಗಾಗಿ ಇಂದಿನ ಓದು.

ಬುದ್ಧರು ಉಪಾಸಕರಿಗೆ ಬೇಡವೆಂದ ವ್ಯಾಪಾರಗಳು ಐದು: ಶಸ್ತ್ರ, ಜೀವಿಗಳು, ಮಾಂಸ, ಮದ್ಯ, ವಿಷ. ವಕೀಲಿಕೆ ಅದರಲ್ಲಿಲ್ಲ. ಆದರೆ ಮಾತನ್ನೇ ಮಾರಿ ಉಣ್ಣುವ ಕಸುಬಿನಲ್ಲಿ ಸಮ್ಯಕ್ ವಾಕ್ ಉಳಿಸಿಕೊಳ್ಳುವುದು ಸುಲಭವಲ್ಲ.

ಅಂಬೇಡ್ಕರರು ಲಂಡನ್ನಿನ ಗ್ರೇಸ್ ಇನ್‌ನಲ್ಲಿ 1922ರಲ್ಲಿ ಬ್ಯಾರಿಸ್ಟರ್ ಆದರು. 1923ರಲ್ಲಿ ಮುಂಬಯಿಗೆ ಬಂದಾಗ ಸನದು ಪಡೆಯಲು ಕೈಯಲ್ಲಿ ಹಣವಿರಲಿಲ್ಲ. ಪಾರ್ಸಿ ಗೆಳೆಯ ನವಲ್ ಭಥೇನಾ ಕೊಟ್ಟರು. ಸನದು ಸಿಕ್ಕಿತು, ಕೇಸು ಸಿಗಲಿಲ್ಲ. ಅಂದಿನ ಹೈಕೋರ್ಟಿನಲ್ಲಿ ಬ್ಯಾರಿಸ್ಟರಿಗೆ ಕೇಸು ಬರಬೇಕಾದದ್ದು ಸಾಲಿಸಿಟರುಗಳ ಮೂಲಕ. ಅವರಿಗೆ ಇವರ ವಿದ್ಯೆಗಿಂತ ಜಾತಿ ಮೊದಲು ಕಂಡಿತು. ಬಾಬಾಸಾಹೇಬರು ಅದಕ್ಕಾಗಿ ಕಾಯುತ್ತ ಕೂರಲಿಲ್ಲ. ಜಿಲ್ಲಾ ಕೋರ್ಟುಗಳ ಕೆಲಸ ಹಿಡಿದರು. 1925ರಿಂದ 1928ರವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಕಲಿಸಿ ಮನೆ ನಡೆಸಿದರು. ಪಾಠ ಹೇಳಿ ಅನ್ನ ಉಣ್ಣುವುದು ಕರಿಕೋಟಿಗೆ ಅವಮಾನ ಎಂದು ಅವರಿಗೆ ಅನಿಸಿರಲಿಕ್ಕಿಲ್ಲ. (ಮೇಷ್ಟ್ರ ಮಾತೆಂದು ನಗಬೇಡಿ.)

1926ರಲ್ಲಿ ಪುಣೆಯ ಬ್ರಾಹ್ಮಣೇತರ ಮುಖಂಡರ ಮೇಲೆ ಒಂದು ಪುಸ್ತಕಕ್ಕಾಗಿ ಮಾನಹಾನಿ ಕೇಸು ಬಿದ್ದಿತು. ಅವರ ಪರ ವಾದಿಸಿ ಗೆದ್ದ ಮೇಲೆ ಹೆಸರು ಹಬ್ಬಿತು. 1934ರಲ್ಲಿ, ಸಂತಾನ ನಿಯಂತ್ರಣದ ಬಗ್ಗೆ ಪತ್ರಿಕೆ ನಡೆಸುತ್ತಿದ್ದ ಆರ್. ಡಿ. ಕರ್ವೆ ಅವರ ಪರ ನಿಂತು ಸೋತರು. ಊರೆಲ್ಲ ಬೈಯುತ್ತಿದ್ದ ಮನುಷ್ಯನ ವಕಾಲತ್ತು ಅದು. ಆ ಸೋಲು ನನಗೆ ಪುಣೆಯ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ.

ಆದರೆ ವಕೀಲರು ಮತ್ತೆ ಮತ್ತೆ ಓದಬೇಕಾದದ್ದು ಮಹಾಡದ ಕೇಸು. 1927ರ ಮಾರ್ಚ್ 20ರಂದು ಚವದಾರ್ ಕೆರೆಯ ನೀರು ಮುಟ್ಟಿದರು. ಡಿಸೆಂಬರಿನಲ್ಲಿ ಮತ್ತೆ ಹೋಗುವಷ್ಟರಲ್ಲಿ ಎದುರಾಳಿಗಳು ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಇಲ್ಲಿ ಬಾಬಾಸಾಹೇಬರು ವಕೀಲರಷ್ಟೇ ಅಲ್ಲ, ಸ್ವತಃ ಪ್ರತಿವಾದಿ. ಸಾವಿರಾರು ಜನ ಕೆರೆಗೆ ನುಗ್ಗಲು ಸಿದ್ಧರಿದ್ದರು. ಅನ್ಯಾಯವೆಂದು ಗೊತ್ತಿದ್ದೂ ಅವರು ಆಜ್ಞೆಯನ್ನು ಮೀರಲು ಬಿಡಲಿಲ್ಲ. ಸತ್ಯಾಗ್ರಹ ಮುಂದೂಡಿದರು, ಜನರನ್ನು ಒಪ್ಪಿಸಿದರು, ಕೋರ್ಟಿಗೆ ಹೋದರು. ಸಿಟ್ಟು ಬಂದಾಗ ಅದನ್ನು ದಾಖಲೆಯಾಗಿ ತಿರುಗಿಸುವುದು ಎಷ್ಟು ಕಷ್ಟ ಎಂದು ಕೋರ್ಟು ಮೆಟ್ಟಿಲು ಹತ್ತಿದವರಿಗೇ ಗೊತ್ತು.

ಎದುರಾಳಿಗಳ ವಾದ ಇಷ್ಟೇ: ಅನಾದಿಕಾಲದಿಂದ ನಡೆದುಬಂದ ರೂಢಿ. ಅದಕ್ಕೆ ಉತ್ತರ ಭಾಷಣದಲ್ಲಿರಲಿಲ್ಲ, ಪುರಾವೆಯಲ್ಲಿತ್ತು. ಕೆರೆ ಮುನ್ಸಿಪಾಲಿಟಿಯದು, ರೂಢಿ ಎನ್ನುವವರು ಅದು ಅಷ್ಟು ಹಳೆಯದೆಂದು ಸಾಬೀತು ಮಾಡಲಿ. ಅವರಿಂದ ಆಗಲಿಲ್ಲ. 1931ರಲ್ಲಿ ಮಹಾಡದ ಕೋರ್ಟು ದಾವೆ ವಜಾ ಮಾಡಿತು. ಮೇಲ್ಮನವಿಗಳು ಹೈಕೋರ್ಟಿನವರೆಗೆ ಹೋದವು. ಈ ನಡುವೆ ಅವರು ದುಂಡುಮೇಜಿನ ಪರಿಷತ್ತಿಗೆ ಹೋಗಿ ಬಂದರು, ರಮಾಬಾಯಿಯವರನ್ನು ಕಳೆದುಕೊಂಡರು, ಮುಂಬಯಿಯ ಸರ್ಕಾರಿ ಲಾ ಕಾಲೇಜಿನ ಪ್ರಾಂಶುಪಾಲರಾದರು. ಕೇಸು ಮಾತ್ರ ಕೈಬಿಡಲಿಲ್ಲ.

ಹೈಕೋರ್ಟಿನ ತೀರ್ಪು ಬಂದದ್ದು 1937ರ ಮಾರ್ಚ್ 17ರಂದು. ಗೆಲುವು ಅಂಬೇಡ್ಕರರದು. ನೀರು ಮುಟ್ಟಿ ಹತ್ತು ವರ್ಷ ತುಂಬಲು ಮೂರು ದಿನ ಬಾಕಿ ಇತ್ತು.