ಇಕ್ಕೇರಿಗೆ ಬಂದ ರೋಮಿನ ತಿರುಗಾಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಮೊದಲು ನೆನಪಾಗೋದು ಟ್ರಿಪ್ಪು. ಜೋಗ, ಕೊಡಚಾದ್ರಿ, ಕವಲೇದುರ್ಗ, ಎರಡು ದಿನ, ಒಂದು ಟಿಟಿ ಗಾಡಿ, ವಾಪಸ್ ಬಂದಮೇಲೆ ನೂರಾರು ಫೋಟೋ. ಇದೇ ಸೀಮೆಗೆ 1623ರ ನವೆಂಬರಿನಲ್ಲಿ ಒಬ್ಬ ಬಂದಿದ್ದ. ಅವನು ಮನೆ ಬಿಟ್ಟು ಆಗಲೇ ಒಂಬತ್ತು ವರ್ಷವಾಗಿತ್ತು. ಹೆಸರು ಪಿಯೆತ್ರೊ ಡೆಲ್ಲಾ ವಾಲೆ, ಊರು ರೋಮ್. ಕೆಳದಿ ಅರಸರ ಚರಿತ್ರೆ ಓದಿದವರಿಗೆ ಈ ಹೆಸರು ಹೊಸದಲ್ಲ. ಇಕ್ಕೇರಿಯನ್ನು ಕಂಡು ಬರೆದಿಟ್ಟ ಇಟಲಿಯ ಪ್ರವಾಸಿ ಅಂತ ಒಂದು ಸಾಲಿನಲ್ಲಿ ಬಂದು ಹೋಗುತ್ತೆ. ಆದರೆ ಅವನು ಯಾಕೆ ಹೊರಟ, ಹೊರಟವನು ಯಾಕೆ ನಿಲ್ಲಲಿಲ್ಲ ಅನ್ನೋದು ಆ ಒಂದು ಸಾಲಿಗಿಂತ ದೊಡ್ಡ ಕಥೆ.

1586ರಲ್ಲಿ ರೋಮಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. ಕಾವ್ಯ, ಸಂಗೀತ, ಕತ್ತಿವರಸೆ ಎಲ್ಲಾ ಕಲಿತಿದ್ದ. ಆ ಕಾಲದ ಅನುಕೂಲಸ್ಥ ಹುಡುಗರಂತೆ ಒಂದು ಸಾಹಿತ್ಯ ಕೂಟದ ಸದಸ್ಯನೂ ಆಗಿದ್ದ (ನಮ್ಮ ಸಂಘದ ಥರ ಅಂದ್ಕೊಳ್ಳಿ, ಅವರಿಗೆ ಇಂಟರ್ನಲ್ಸ್ ಇರಲಿಲ್ಲ ಅಷ್ಟೆ). ಒಬ್ಬಳನ್ನು ಹನ್ನೆರಡು ವರ್ಷ ಪ್ರೀತಿಸಿದ. ಆಕೆ ಬೇರೆಯವನನ್ನು ಮದುವೆಯಾದಳು. ಪ್ರಾಣ ಕಳ್ಕೊಳ್ಳೋ ಯೋಚನೆಯವರೆಗೂ ಹೋಗಿಬಿಟ್ಟಿದ್ದ. ಆಗ ನೇಪಲ್ಸಿನಲ್ಲಿದ್ದ ವೈದ್ಯ ಮಿತ್ರ ಮಾರಿಯೊ ಸ್ಕಿಪಾನೊ, ಪೂರ್ವ ದೇಶಗಳನ್ನು ಸುತ್ತಿ ಬಾ, ನೋಡಿದ್ದನ್ನೆಲ್ಲ ನನಗೆ ಬರೆ ಅಂತ ಬುದ್ಧಿ ಹೇಳಿದ. ಗೆಳೆಯರು ಕೊಡೋ ಸಲಹೆಗಳಲ್ಲಿ ಇಷ್ಟು ದೂರ ಕೆಲಸ ಮಾಡಿದ್ದು ಅಪರೂಪ. 1614ರ ಜೂನ್‌ನಲ್ಲಿ ವೆನಿಸ್‌ನಿಂದ ಹಡಗು ಹತ್ತಿದಾಗ ಪಿಯೆತ್ರೊಗೆ ಇಪ್ಪತ್ತೆಂಟು ವರ್ಷ. ಹೇಳಿಕೊಂಡಿದ್ದು ಜೆರುಸಲೇಮಿನ ಯಾತ್ರೆ ಅಂತ. ಒಳಗಿದ್ದದ್ದು ಮರೆಯಬೇಕು ಅನ್ನೋ ಹಟ.

ಅಂದ್ರೆ ಇವನು ಹುಟ್ಟಾ ಪ್ರವಾಸಿಯಲ್ಲ. ತಿರುಗುವ ಪ್ರೀತಿ ಇವನಿಗೆ ತಿರುಗುತ್ತಾ ತಿರುಗುತ್ತಾ ಹತ್ತಿದ್ದು. ಇಸ್ತಾಂಬುಲ್ ಮುಟ್ಟಿದವನು ಅಲ್ಲೇ ಒಂದು ವರ್ಷಕ್ಕೂ ಹೆಚ್ಚು ನಿಂತು ತುರ್ಕಿ ಕಲಿತ. ನಮ್ಮ ಲೆಕ್ಕದಲ್ಲಿ ಅವನ ಬದುಕಿನ ತಿರುವು ಅದೇ. ಭಾಷೆ ಬಂದ ಮೇಲೆ ದುಭಾಷಿ ತೋರಿಸಿದ್ದನ್ನಷ್ಟೇ ನೋಡಿ ಮುಂದೆ ಹೋಗಬೇಕಾದ ಕರ್ಮ ಇರಲಿಲ್ಲ. ಅರಬ್ಬಿ, ಪಾರಸಿ ಆಮೇಲೆ ಬಂದವು. ಈಜಿಪ್ಟಿನಲ್ಲಿ ಪಿರಮಿಡ್ಡಿನ ಒಳಹೊಕ್ಕ, ಜೆರುಸಲೇಮಿನಲ್ಲಿ ಈಸ್ಟರ್ ಕಂಡ. ಹೇಳಿದ್ದ ಯಾತ್ರೆ ಅಲ್ಲಿಗೆ ಮುಗಿಯಿತು. ಮನೆಗೆ ವಾಪಸ್ ಹೋಗಬಹುದಿತ್ತು, ಹೋಗಲಿಲ್ಲ. ಡಮಾಸ್ಕಸ್‌ನಲ್ಲಿ ಸಮಾರಿಟನ್ನರ ಧರ್ಮಗ್ರಂಥದ ಹಸ್ತಪ್ರತಿ ಕೊಂಡ. ಮುಂದೆ ಯುರೋಪಿನ ವಿದ್ವಾಂಸರಿಗೆ ಅದು ದೊಡ್ಡ ಆಸ್ತಿಯಾಯಿತು. ಬ್ಯಾಬಿಲೋನಿನ ಹಾಳು ದಿಬ್ಬ ಹತ್ತಿ, ಇಟ್ಟಿಗೆಯನ್ನು ಯಾವ ಗಾರೆಯಲ್ಲಿ ಕೂರಿಸಿದ್ದಾರೆ ಅಂತ ನೋಡಿ, ಕೆಲವು ಇಟ್ಟಿಗೆಗಳನ್ನೇ ಮೂಟೆ ಕಟ್ಟಿಕೊಂಡು ಬಂದ. ಬಾಗ್ದಾದ್‌ನಲ್ಲಿ ಮಾನಿ ಎಂಬ ಸಿರಿಯನ್ ಕ್ರೈಸ್ತ ತರುಣಿಯನ್ನು ಮದುವೆಯಾದ. ಆಮೇಲೆ ಇಬ್ಬರೂ ಸೇರಿಯೇ ತಿರುಗಿದರು. ಪರ್ಷಿಯಾದಲ್ಲಿ ಷಾ ಅಬ್ಬಾಸನ ಆಸ್ಥಾನ, ದಂಡಿನ ಬಿಡಾರ, ಇಸ್ಫಹಾನ್ ಅಂತ ಸುಮಾರು ಐದು ವರ್ಷ. ಪರ್ಸೆಪೊಲಿಸ್‌ನ ಕಲ್ಲುಗಳ ಮೇಲೆ ಯಾರಿಗೂ ಓದಲು ಬರದ ಬೆಣೆಯಾಕಾರದ ಅಕ್ಷರಗಳಿದ್ದವು. ಅವುಗಳಲ್ಲಿ ಕೆಲವನ್ನು ನಕಲು ಮಾಡಿಕೊಂಡ. ಅವು ಎಡದಿಂದ ಬಲಕ್ಕೆ ಓದುವ ಲಿಪಿ ಇರಬೇಕೆಂದು ಊಹಿಸಿದ, ಊಹೆ ಸರಿಯಾಗಿತ್ತು.

1621ರ ಡಿಸೆಂಬರ್ ಕೊನೆಗೆ, ಹೊರ್ಮುಜ್ ಹತ್ತಿರದ ಮಿನಾಬ್‌ನಲ್ಲಿ ಮಾನಿ ಜ್ವರದಿಂದ ತೀರಿಕೊಂಡಳು. ಪಿಯೆತ್ರೊ ಆಕೆಯನ್ನು ಅಲ್ಲಿ ಮಣ್ಣು ಮಾಡಲಿಲ್ಲ. ಕರ್ಪೂರ ತುಂಬಿಸಿ, ಪೆಟ್ಟಿಗೆಯಲ್ಲಿಟ್ಟು, ಸುಂಕದವರ ಕಣ್ಣಿಗೆ ಬೀಳದಂತೆ ಸರಕಿನ ನಡುವೆ ಬಚ್ಚಿಟ್ಟು ಜೊತೆಗೇ ಸಾಗಿಸಿದ. 1623ರ ಫೆಬ್ರವರಿಯಲ್ಲಿ ಸೂರತ್‌ನಲ್ಲಿ ಇಳಿದಾಗ, ಏಪ್ರಿಲ್‌ನಲ್ಲಿ ಗೋವಾ ಮುಟ್ಟಿದಾಗ, ಆ ಪೆಟ್ಟಿಗೆಯೂ ಅವನ ಸಾಮಾನಿನಲ್ಲಿತ್ತು.

ಆಗ ಗೋವಾದ ಪೋರ್ಚುಗೀಸರಿಗೂ ಇಕ್ಕೇರಿಯ ವೆಂಕಟಪ್ಪ ನಾಯಕನಿಗೂ ತಕರಾರು ನಡೀತಿತ್ತು. ಕಾಳುಮೆಣಸಿನ ವ್ಯಾಪಾರ ಒಂದು ಕಡೆ, ನಾಯಕ ಹಿಡಿದುಕೊಂಡಿದ್ದ ಬಂಗರಾಜನ ನಾಡು ಇನ್ನೊಂದು ಕಡೆ. ಮಾತುಕತೆಗೆ ಒಬ್ಬ ಪೋರ್ಚುಗೀಸ್ ರಾಯಭಾರಿ ಹೊರಟ; ನಾಯಕನ ಕಡೆಯ ರಾಯಭಾರಿ ವಿಠ್ಠಲ ಶೆಣೈ ಕೂಡ ಜೊತೆಗಿದ್ದ. ಪಿಯೆತ್ರೊಗೆ ಇದರಲ್ಲಿ ಯಾವ ಕೆಲಸವೂ ಇರಲಿಲ್ಲ. ಹಿಂದೂ ಅರಸನೊಬ್ಬನ ಆಸ್ಥಾನವನ್ನು ಕಣ್ಣಾರೆ ನೋಡಬೇಕು ಅಂತ ಕೇಳಿಕೊಂಡು ಸೇರಿಕೊಂಡ. ಮರೆಯೋದಕ್ಕೆ ಹೊರಟಿದ್ದವನು ನೋಡೋದಕ್ಕೆ ಹೊರಡುವವನಾಗಿದ್ದ.

ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಏರಿ ಗೇರುಸೊಪ್ಪೆಗೆ ಬಂದರು. ಒಂದು ಕಾಲಕ್ಕೆ ರಾಣಿಯೊಬ್ಬಳ ರಾಜಧಾನಿಯಾಗಿದ್ದ ಊರು ಆಗಲೇ ಹಾಳು ಬಿದ್ದಿತ್ತು. ಅಲ್ಲಿಂದ ಘಟ್ಟ. ಕಾಡು, ಏರು, ನೀರು ಎಲ್ಲವನ್ನೂ ತನ್ನ ದೇಶದ ಅಪೆನ್ನೈನ್ ಬೆಟ್ಟಗಳ ಜೊತೆ ಹೋಲಿಸಿ ಬರೆದಿಟ್ಟ. ಈ ಹಾದಿಯಲ್ಲೇ ಒಂದು ದೇವಸ್ಥಾನದ ಜಗಲಿಯಲ್ಲಿ ಅವನಿಗೆ ನಾಲ್ಕು ಹುಡುಗರು ಸಿಕ್ಕರು. ಮಗ್ಗಿ ಕಲಿಯುತ್ತಿದ್ದರು. ನೆಲದ ಮೇಲೆ ನಯವಾದ ಮರಳು ಹರಡಿ, ಒಬ್ಬ ರಾಗವಾಗಿ ಒಂದು ಲೆಕ್ಕ ಹೇಳುತ್ತಾ ಬೆರಳಲ್ಲಿ ಬರೆಯೋದು, ಉಳಿದವರೂ ಅದೇ ರಾಗದಲ್ಲಿ ಹೇಳುತ್ತಾ ಬರೆಯೋದು. ಜಾಗ ತುಂಬಿದರೆ ಕೈಯಿಂದ ಅಳಿಸಿ ಮತ್ತೆ ಮರಳು. ಕಾಗದ ಇಲ್ಲ, ಮಸಿ ಇಲ್ಲ, ಗುರುವೂ ಇಲ್ಲ. ಮರೆತರೆ ಹೇಳಿಕೊಡೋರು ಯಾರು ಅಂತ ಪಿಯೆತ್ರೊ ಕೇಳಿದ. ನಾಲ್ಕೂ ಜನ ಒಟ್ಟಿಗೆ ಒಂದೇ ಜಾಗದಲ್ಲಿ ಮರೆಯೋದು ಸಾಧ್ಯವೇ ಇಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಅನ್ನೋದು ಅವರ ಉತ್ತರ. ಪರೀಕ್ಷೆ ಹಿಂದಿನ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ನಾವು ಮಾಡೋದೂ ಇದನ್ನೇ ತಾನೆ? ಪಿಯೆತ್ರೊ ಈ ಪದ್ಧತಿಗೆ ಮನಸೋತ. ಸುಲಭವೂ ಹೌದು, ಗಟ್ಟಿಯೂ ಹೌದು ಅಂತ ಮೆಚ್ಚಿಕೊಂಡ. ಆ ಹುಡುಗರನ್ನು ನಿಂತು ಮಾತಾಡಿಸಬೇಕು ಅಂತ ಅನಿಸೋದಕ್ಕೆ ಅವನಿಗೆ ಒಂಬತ್ತು ವರ್ಷದ ಅಲೆದಾಟ ಬೇಕಾಗಿತ್ತು ಅಂತ ನಮಗನ್ನಿಸುತ್ತೆ.

ಇಕ್ಕೇರಿ ಇವತ್ತು ಸಾಗರದಿಂದ ಐದಾರು ಕಿಲೋಮೀಟರ್ ದೂರದ ಶಾಂತ ಊರು. ಆಗ ಅದು ಮೂರು ಸುತ್ತಿನ ರಾಜಧಾನಿ. ಹೊರಗಿನ ಸುತ್ತು ಗೋಡೆಯಲ್ಲ, ಒತ್ತೊತ್ತಾಗಿ ಬೆಳೆಸಿದ ಬಿದಿರು ಮೆಳೆ. ಕುದುರೆಯಾಗಲಿ ಕಾಲಾಳಾಗಲಿ ನುಗ್ಗಲಾಗದು, ಕಡಿಯೋದು ಕಷ್ಟ, ಬೆಂಕಿಯ ಭಯವೂ ಕಡಿಮೆ, ಮೇಲೆ ಬಳ್ಳಿ ಹಬ್ಬಿ ನೆರಳು ಬೇರೆ. ಒಳಗಿನ ಎರಡು ಗೋಡೆಗಳು ಅವನ ಕಣ್ಣಿಗೆ ದುರ್ಬಲವಾಗಿ ಕಂಡವು. ಸಿವಿಲ್ ಬ್ರಾಂಚಿನವರು ಗಮನಿಸಬೇಕು: ಅವನ ಮೆಚ್ಚುಗೆ ಸಿಕ್ಕಿದ್ದು ಕಟ್ಟಿದ್ದಕ್ಕಲ್ಲ, ಬೆಳೆಸಿದ್ದಕ್ಕೆ. ಬೀದಿಯಲ್ಲಿ ಬಣ್ಣದ ಕೋಲು ಹಿಡಿದು ತಾಳಕ್ಕೆ ಸರಿಯಾಗಿ ಕೋಲಾಟವಾಡುವ ಹೆಣ್ಣುಮಕ್ಕಳನ್ನು ಕಂಡ, ಜಂಗಮರಿಗೆ ಸಿಗುವ ಮರ್ಯಾದೆ ಕಂಡ. ಅಘೋರೇಶ್ವರನ ಗುಡಿಯಲ್ಲಿ ಒಂದೇ ತಲೆಯ, ಮೂವತ್ತೆರಡು ಕೈಗಳ ಮೂರ್ತಿಯನ್ನು ಕಂಡ. ಆ ಮೂರ್ತಿ ಈಗ ಇಲ್ಲ. ಗರ್ಭಗುಡಿಯ ಬಹುಪಾಲು ತುಂಬಿರುವ ದೊಡ್ಡ ಪೀಠ ಉಳಿದಿದೆ. ಮುಂದಿನ ಸಲ ಹೋದಾಗ ನಂದಿ ಮಂಟಪದ ಹತ್ತಿರ ಫೋಟೋ ಮುಗಿಸಿ ಒಳಗೂ ಸ್ವಲ್ಪ ನಿಲ್ಲೋಣ.

ಇಕ್ಕೇರಿಯಲ್ಲೇ ಅವನಿಗೆ ಜಕ್ಕಮ್ಮ ಸಿಕ್ಕಿದ್ದು. ತೆಲುಗು ಸೀಮೆಯ ಮನೆತನ, ಗಂಡ ವಾದ್ಯ ಬಾರಿಸುವವನು, ಸತ್ತು ಕೆಲವು ದಿನವಾಗಿತ್ತು. ಸಹಗಮನಕ್ಕೆ ನಿಶ್ಚಯಿಸಿ, ವಾದ್ಯದ ಜೊತೆ ಬೀದಿಯಲ್ಲಿ ಮೆರವಣಿಗೆ ಬರುತ್ತಿದ್ದಳು. ಪಿಯೆತ್ರೊ ಮೆರವಣಿಗೆ ನೋಡಿ ಸುಮ್ಮನಾಗಲಿಲ್ಲ, ಆಕೆಯ ಮನೆಗೇ ಹೋದ. ದುಭಾಷಿಯ ಮೂಲಕ ತುಂಬಾ ಹೊತ್ತು ಮಾತಾಡಿದ. ಎಳೆಯ ಮಕ್ಕಳಿದ್ದಾರೆ, ಬಿಡು ಅಂದ. ಮಕ್ಕಳನ್ನು ನೋಡಿಕೊಳ್ಳಲು ಗಂಡನ ಬೇರೆ ಹೆಂಡಿರಿದ್ದಾರೆ, ಇದು ತನ್ನದೇ ಇಷ್ಟ, ಬಲವಂತವಲ್ಲ ಅಂತ ಆಕೆ ತಿಳಿಸಿದಳು. ಕೊನೆಗೆ ಅವನು ಕೊಟ್ಟದ್ದು ಒಂದು ಮಾತು: ತನ್ನ ಬರಹದಲ್ಲಿ ಅವಳ ಹೆಸರು ಉಳಿಸುತ್ತೇನೆ ಅಂತ.

ಇಲ್ಲಿ ನಮ್ಮ ಸಂಘದಲ್ಲೇ ಎರಡು ಪಕ್ಷವಾಯಿತು. ಪರದೇಶದವನೊಬ್ಬ ಅಷ್ಟು ಕೇಳಿದ್ದೇ ದೊಡ್ಡದು ಅನ್ನೋದು ಒಂದು. ಅವನೊಳಗಿನ ಕವಿಗೆ ಆಕೆಯ ಧೈರ್ಯ ಎಲ್ಲೋ ಹಿಡಿಸಿಬಿಟ್ಟಿತ್ತು, ಅದನ್ನು ಕ್ಷಮಿಸೋದು ಕಷ್ಟ ಅನ್ನೋದು ಇನ್ನೊಂದು. ಸತ್ತ ಹೆಂಡತಿಯನ್ನು ಬಿಟ್ಟುಕೊಡಲಾರದೆ ಪೆಟ್ಟಿಗೆಯಲ್ಲಿಟ್ಟು ಸಾಗಿಸುತ್ತಿದ್ದ ಗಂಡ, ಸತ್ತ ಗಂಡನ ಹಿಂದೆ ಹೋಗಲು ಸಿದ್ಧಳಾದ ಹೆಂಡತಿಯ ಎದುರು ಕೂತಿದ್ದ. ಅವನು ಎದ್ದು ಬಂದು ಬದುಕಿದ. ಅವಳಿಗೆ ಆ ದಾರಿ ಇತ್ತಾ ಅನ್ನೋ ಪ್ರಶ್ನೆಯನ್ನು ಅವನು ಪೂರ್ತಿ ಕೇಳಲಿಲ್ಲ.

ಇಕ್ಕೇರಿಯಿಂದ ಕೊಲ್ಲೂರಿನ ಹಾದಿಯಾಗಿ ಬಸರೂರಿಗೆ ಇಳಿದ. ಈಗ ಸಾಗರದಿಂದ ಕೊಲ್ಲೂರಿಗೆ ಹೋಗೋರು ಹೊಸನಗರ ತಾಲ್ಲೂಕಿನ ನಿಟ್ಟೂರು ದಾಟಿ, ಕೊಡಚಾದ್ರಿಯ ಪಕ್ಕದಲ್ಲೇ ಹೋಗ್ತೀವಲ್ಲ, ಆ ಸೀಮೆ. ಅವನು ಬಂದುಹೋಗಿ ಎರಡು ದಶಕ ಕಳೆಯುವುದರೊಳಗೆ ರಾಜಧಾನಿಯೇ ಹೊಸನಗರ ಕಡೆಯ ಬಿದನೂರಿಗೆ, ಅಂದ್ರೆ ಇವತ್ತಿನ ನಗರಕ್ಕೆ, ಹೋಯಿತು. ತೀರ್ಥಹಳ್ಳಿ ಸೀಮೆಯ ಕವಲೇದುರ್ಗ ಕೆಳದಿಯವರ ಭದ್ರ ಕೋಟೆಯಾಯಿತು. ಇಕ್ಕೇರಿಯ ವೈಭವದ ದಿನಗಳನ್ನು ಕಂಡು ಬರೆದಿಟ್ಟವರಲ್ಲಿ ಇವನು ಮುಖ್ಯ.

ಕರಾವಳಿಯಲ್ಲಿ ಇನ್ನೊಂದು ಭೇಟಿ. ಮಂಗಳೂರಿನಿಂದ ಉಳ್ಳಾಲದ ರಾಣಿ ಅಬ್ಬಗದೇವಿ ಚೌಟಳನ್ನು ಹುಡುಕಿಕೊಂಡು ಒಳನಾಡಿನ ಮಣೇಲಿಗೆ ಹೋದ. ರಾಣಿ ಸಿಕ್ಕಿದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ಬರಿಗಾಲು, ಸಾದಾ ಉಡುಗೆ, ತಾಳೆಗರಿಯ ಕೊಡೆ. ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆ ನೋಡಲು ಹೊರಟಿದ್ದಳು. ಆಕೆ ಇವನ ದೇಶ, ಕಂಡ ಊರು ಎಲ್ಲಾ ವಿಚಾರಿಸಿದಳು. ಆಮೇಲೆ, ಹೀಗೆ ಲೋಕ ಸುತ್ತೋದು ಪ್ರೀತಿಯಲ್ಲಿ ಮುರಿದ ಮನಸ್ಸಿನಿಂದಲೋ, ಹತ್ತಿರದವರ ಸಾವಿನಿಂದಲೋ ಅಂತ ಕೇಳಿದಳು. ಎಂಥಾ ಗುರಿ! ಎರಡೂ ನಿಜವಾಗಿತ್ತು. ಪಿಯೆತ್ರೊ ಅಲ್ಲವೆಂದ, ಬೇರೆ ಬೇರೆ ದೇಶ, ನಡವಳಿಕೆ ನೋಡುವ ಆಸೆಯಿಂದ, ತಿರುಗಿದರೆ ಮಾತ್ರ ಸಿಗುವ ತಿಳಿವಿಗಾಗಿ ಹೊರಟೆ ಅಂದ. ಆಮೇಲೆ ತಡೆಯಲಾರದೆ, ಹೆಂಡತಿ ಸತ್ತಮೇಲೆ ಮನಸ್ಸಿನಲ್ಲಿ ತಾನು ಯಾತ್ರಿಕನೇ ಅಂತಲೂ ಸೇರಿಸಿದ. 1614ರಲ್ಲಿ ಯಾರಾದರೂ ಕೇಳಿದ್ದರೆ ಅವನ ಮೊದಲ ಉತ್ತರ ಸುಳ್ಳಾಗುತ್ತಿತ್ತು. 1623ಕ್ಕೆ ಅದೂ ನಿಜವಾಗಿತ್ತು.

1624ರ ಕೊನೆಗೆ ಗೋವಾ ಬಿಟ್ಟು, ಮಸ್ಕತ್, ಬಾಸ್ರಾ, ಮರುಭೂಮಿ ದಾಟಿ 1626ರ ಮಾರ್ಚ್‌ನಲ್ಲಿ ರೋಮ್ ಸೇರಿದ. ಮಾನಿಯನ್ನು ಅರಾಚೇಲಿ ಚರ್ಚಿನ ತಮ್ಮ ಮನೆತನದ ಸಮಾಧಿಯಲ್ಲಿ ಮಣ್ಣು ಮಾಡಿದ. ಮಾನಿ ಸಾಕಿಕೊಂಡಿದ್ದ ಜಾರ್ಜಿಯಾದ ಅನಾಥ ಹುಡುಗಿ ಪ್ರವಾಸದುದ್ದಕ್ಕೂ ಜೊತೆಗಿದ್ದಳು. ಅವಳನ್ನೇ ಮದುವೆಯಾಗಿ ಹದಿನಾಲ್ಕು ಮಕ್ಕಳ ತಂದೆಯಾದ. ಸಂತನೇನೂ ಆಗಲಿಲ್ಲ: ಜಗಳವೊಂದರಲ್ಲಿ ಗಾಡಿ ಹೊಡೆಯುವವನೊಬ್ಬನನ್ನು ಕೊಂದು ಕೆಲಕಾಲ ರೋಮ್ ಬಿಟ್ಟಿರಬೇಕಾಯಿತು. ಸ್ಕಿಪಾನೊಗೆ ಬರೆದ ಪತ್ರಗಳ ಮೊದಲ ಸಂಪುಟ 1650ರಲ್ಲಿ ಅಚ್ಚಾಯಿತು. ಎರಡು ವರ್ಷದ ನಂತರ ತೀರಿಕೊಂಡ. ಅವನನ್ನೂ ಅರಾಚೇಲಿಯಲ್ಲಿ, ಮಾನಿ ಇದ್ದಲ್ಲೇ ಇಟ್ಟರು. ಭಾರತದ ಸಂಪುಟ ಹೊರಬಂದದ್ದು 1663ರಲ್ಲಿ. ಮರಳಿನ ಮೇಲೆ ಮಗ್ಗಿ ಬರೆದ ನಾಲ್ಕು ಹುಡುಗರು ಅದರಲ್ಲಿದ್ದಾರೆ. ಜಕ್ಕಮ್ಮನ ಹೆಸರೂ ಇದೆ.