ನಗರವೈದ್ಯ ಪ್ಯಾಟ್ರಿಕ್ ಗೆಡ್ಡಿಸ್

ಊರೊಂದು ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಯಾವ ದಿಕ್ಕಿಗೆ ಬೆಳೆಯಬೇಕು, ಯಾವ ನೆಲದಲ್ಲಿ ಮನೆ, ಯಾವ ನೆಲದಲ್ಲಿ ಕಾರ್ಖಾನೆ, ಎಲ್ಲಿ ತೋಪು, ಎಲ್ಲಿ ರಸ್ತೆ ಎಂಬುದನ್ನು ನಿಶ್ಚಯಿಸತಕ್ಕವರು ಯಾರು? ನಕ್ಷೆ ಬರೆಯಬಲ್ಲ ಅಧಿಕಾರಿಗಳೋ, ಆ ನೆಲದ ಮೇಲೆ ಬಾಳುವ ಜನರೋ? ಈ ವಾದ ಇಂದಿನದಲ್ಲ. ನೂರು ವರ್ಷಗಳಿಗೂ ಹಿಂದೆ ಸರ್ಕಾರದ ಕರೆಯ ಮೇಲೆಯೇ ನಮ್ಮ ದೇಶಕ್ಕೆ ಬಂದು, ಸರ್ಕಾರದ ಇಂಜಿನಿಯರುಗಳೊಡನೆಯೇ ವಾದಕ್ಕೆ ನಿಂತು, ಗಲ್ಲಿಯ ಬಡವರ ಪಕ್ಷವನ್ನು ಹಿಡಿದ ಮಹನೀಯರೊಬ್ಬರಿದ್ದರು. ಅವರೇ ಪ್ಯಾಟ್ರಿಕ್ ಗೆಡ್ಡಿಸ್.

ಇವರು 1854ನೆಯ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬಲ್ಲಿ ಸೈನಿಕನೊಬ್ಬನ ಮಗನಾಗಿ ಹುಟ್ಟಿದರು. ಲಂಡನ್ನಿನಲ್ಲಿ ಹಕ್ಸ್‌ಲಿಯವರ ಬಳಿ ಜೀವಶಾಸ್ತ್ರವನ್ನು ಕಲಿತರು. ಆದರೆ ಪದವಿಯನ್ನು ಮಾತ್ರ ಪಡೆಯಲೇ ಇಲ್ಲ. ಪದವಿಯಿಲ್ಲದೆಯೇ 1888ರಲ್ಲಿ ಡಂಡೀ ನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಮನೆತನದಲ್ಲಿ ಮೊದಲ ಪದವೀಧರನಾಗಲು ಹೆಣಗುತ್ತಿರುವ ನನ್ನಂಥವನಿಗೆ ಇದು ಸ್ವಲ್ಪ ಅಸೂಯೆ ತರುವ ಸಂಗತಿಯೇ ಸರಿ! 1879ರಲ್ಲಿ ಮೆಕ್ಸಿಕೋ ದೇಶದಲ್ಲಿದ್ದಾಗ ಕೆಲಕಾಲ ಕಣ್ಣು ಕಾಣದಂತಾಗಿ, ಕತ್ತಲೆಯ ಕೋಣೆಯಲ್ಲಿ ದಿನ ಕಳೆದರು. ಸೂಕ್ಷ್ಮದರ್ಶಕದ ಕೆಲಸ ಅಲ್ಲಿಂದ ಮುಂದೆ ಕಷ್ಟವಾಯಿತು. ಗಿಡಗಳನ್ನು ನೋಡುತ್ತಿದ್ದ ದೃಷ್ಟಿ ಮನುಷ್ಯರ ಕಡೆಗೆ ತಿರುಗಿತು.

1886ರಲ್ಲಿ ಆನಾ ಮಾರ್ಟನ್ ಎಂಬಾಕೆಯನ್ನು ಮದುವೆಯಾದ ಇವರು, ಎಡಿನ್‌ಬರೋ ನಗರದ ಹಳೆಯ ಕೊಳಚೆ ಭಾಗವಾದ ಜೇಮ್ಸ್ ಕೋರ್ಟಿನಲ್ಲಿ ಸಂಸಾರ ಹೂಡಿದರು. ನೆರೆಯವರನ್ನು ಕೂಡಿಕೊಂಡು ಗುಡಿಸಿದರು, ಸುಣ್ಣ ಬಳಿದರು, ಸಂದಿಗೊಂದಿಗಳಲ್ಲಿ ತೋಟ ಮಾಡಿದರು. ಕೇರಿಯನ್ನು ತಿದ್ದಬೇಕಾದರೆ ಕೇರಿಯಲ್ಲಿ ವಾಸಿಸಬೇಕೆಂಬುದು ಇವರ ನಂಬಿಕೆಯಾಗಿತ್ತು.

ಮದರಾಸಿನ ಗವರ್ನರರಾಗಿದ್ದ ಲಾರ್ಡ್ ಪೆಂಟ್‌ಲೆಂಡ್ ಅವರ ಆಹ್ವಾನದಂತೆ 1914ರಲ್ಲಿ ಇವರು ಭಾರತಕ್ಕೆ ಬಂದರು. ನಗರಗಳ ಚಿತ್ರಪಟಗಳ ದೊಡ್ಡ ಪ್ರದರ್ಶನವೊಂದು ಹಿಂದಿನಿಂದ ಬೇರೆ ಹಡಗಿನಲ್ಲಿ ಬರುತ್ತಿತ್ತು. ಜರ್ಮನರ ಎಂಡೆನ್ ಯುದ್ಧನೌಕೆ ಆ ಹಡಗನ್ನು ಮುಳುಗಿಸಿತು. ವರ್ಷಗಳ ಶ್ರಮ ಸಮುದ್ರದ ಪಾಲಾಯಿತು. ಗೆಡ್ಡಿಸ್ ಅವರು ಎದೆಗುಂದಲಿಲ್ಲ. ಮಿತ್ರರು ಹೊಸದಾಗಿ ಕೂಡಿಸಿ ಕಳುಹಿದ ಪಟಗಳಿಂದ ಮರುವರ್ಷವೇ ಮದರಾಸಿನಲ್ಲಿ ಪ್ರದರ್ಶನ ನಡೆಸಿದರು. ಬಳಿಕ ಊರೂರು ತಿರುಗಾಟ. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯ ಬಗೆಗೂ ಇವರ ವರದಿಯಿದೆ.

ಅಂದಿನ ಅಧಿಕಾರಿಗಳ ರೀತಿ ಸರಳವಾಗಿತ್ತು. ಇಕ್ಕಟ್ಟಾದ ಕೇರಿಯ ನಕ್ಷೆಯ ಮೇಲೆ ಅಳತೆಪಟ್ಟಿಯಿಟ್ಟು ನೇರವಾದ ಗೆರೆ ಎಳೆಯುವುದು. ಗೆರೆಗೆ ಸಿಕ್ಕಿದ ಮನೆ, ಗುಡಿ, ಮಸೀದಿ, ಬಾವಿಗಳನ್ನು ಕೆಡವುವುದು. ಮನೆ ಕಳೆದುಕೊಂಡವರು ಎಲ್ಲಿಗೆ ಹೋದಾರು? ಪಕ್ಕದ ಕೇರಿಗೆ ನುಗ್ಗುವರು. ಅಲ್ಲಿ ಇಕ್ಕಟ್ಟು ಇಮ್ಮಡಿಯಾಗುವುದು. ರೋಗವೂ ಅಲ್ಲಿಗೇ ಹೋಗುವುದು. ಗೆಡ್ಡಿಸ್ ಅವರು ವೈದ್ಯನಂತೆ ಮೊದಲು ನಾಡಿ ನೋಡಬೇಕೆಂದರು. ಗಲ್ಲಿಗಲ್ಲಿಯನ್ನೂ ಕಾಲುನಡಗೆಯಲ್ಲಿ ಸುತ್ತಿ, ಬಿದ್ದುಹೋದ ಮನೆ ಯಾವುದು, ಪಾಳುನಿವೇಶನ ಯಾವುದು ಎಂದು ಗುರುತಿಸಿ, ಅಷ್ಟನ್ನೇ ತೆಗೆದು, ತೆರವಾದಲ್ಲಿ ಪುಟ್ಟ ಅಂಗಳ ಮಾಡಿ ಒಂದು ಮರ ನೆಟ್ಟರೆ ಕೇರಿಗೆ ಗಾಳಿ ಬರುತ್ತದೆ. ಖರ್ಚೂ ಕಡಿಮೆ, ಕಣ್ಣೀರೂ ಕಡಿಮೆ. ಈ ಪದ್ಧತಿಯನ್ನು ಅವರು ಉಳಿಸಿ ಮಾಡುವ ಶಸ್ತ್ರಚಿಕಿತ್ಸೆಯೆಂದು ತಿಳಿದಿದ್ದರು.

ಇಂದೂರಿನ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಊರಿನಲ್ಲಿ ಪ್ಲೇಗು. ನಕ್ಷೆ ಹಿಡಿದು ಗಲ್ಲಿಗಳಲ್ಲಿ ಅಲೆಯುತ್ತಿದ್ದ ಈ ಗಡ್ಡದ ಮುದುಕರನ್ನು ಕಂಡು ಜನರು ಹೆದರಿದರು. ಪ್ಲೇಗನ್ನು ತರುವ ದೊರೆ ಇವನೇ ಎಂದು ಆಡಿಕೊಂಡರು. ಮನೆ ಕೆಡವುವವರನ್ನೇ ಕಂಡಿದ್ದ ಜನ ಬೇರೇನನ್ನು ತಾನೇ ತಿಳಿದಾರು? ಇವರು ಸಿಟ್ಟಾಗಲಿಲ್ಲ. ಮಹಾರಾಜರನ್ನು ಕಂಡು, ತಮ್ಮನ್ನು ಒಂದು ದಿನದ ಮಟ್ಟಿಗೆ ಮಹಾರಾಜನನ್ನಾಗಿ ಮಾಡಬೇಕೆಂದು ಬೇಡಿದರು. ದೀಪಾವಳಿಯ ಮೆರವಣಿಗೆಯು ಯಾವ ಬೀದಿ ಹೆಚ್ಚು ಚೊಕ್ಕಟವಾಗಿರುವುದೋ ಆ ಬೀದಿಯಲ್ಲಿ ಹೋಗುವುದೆಂದು ಸಾರಿಸಿದರು. ಜನರು ತಾವಾಗಿಯೇ ಕಸ ಹೊತ್ತು ಹಾಕಿ ಮನೆಗಳಿಗೆ ಸುಣ್ಣ ಹೊಡೆದರು. ಮೆರವಣಿಗೆಯಲ್ಲಿ ಪ್ಲೇಗಿನ ದೊಡ್ಡ ಇಲಿಯೂ ಇತ್ತು. ಹೊಸ ಬಟ್ಟೆ ತೊಟ್ಟು ಹಾರ ಧರಿಸಿದ ಜಾಡಮಾಲಿಗಳೂ ಇದ್ದರು. ಅವರಿಗೆ ಆ ಗೌರವದ ಸ್ಥಾನವನ್ನು ಕೊಟ್ಟದ್ದೇ ಈ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗ. ಇಂದೂರಿನ ವರದಿ 1918ರಲ್ಲಿ ಎರಡು ಸಂಪುಟಗಳಾಗಿ ಹೊರಬಂತು.

ಈ ಕೆಲಸದ ನಡುವೆಯೇ, 1917ರಲ್ಲಿ, ಹಿರಿಯ ಮಗ ಫ್ರಾನ್ಸಿನ ಯುದ್ಧರಂಗದಲ್ಲಿ ಮಡಿದನು. ಪತ್ನಿ ಆಗ ಕಲ್ಕತ್ತೆಯಲ್ಲಿ ಹಾಸಿಗೆ ಹಿಡಿದಿದ್ದರು. ಸುದ್ದಿಯನ್ನು ಆಕೆಗೆ ಹೇಳದೆ ಒಳಗೇ ನುಂಗಿಕೊಂಡರು. ಕೆಲವೇ ವಾರಗಳಲ್ಲಿ ಆಕೆಯೂ ತೀರಿಕೊಂಡರು.

1919ರಲ್ಲಿ ಇವರು ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರು. 1920ರಲ್ಲಿ ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು ಪ್ರಕಟಿಸಿದರು. 1925ರಲ್ಲಿ ಟೆಲ್ ಅವೀವ್ ನಗರಕ್ಕೆ ಯೋಜನೆ ಬರೆದುಕೊಟ್ಟರು. ಭಾರತದಲ್ಲಿ ಬರೆದ ವರದಿಗಳಲ್ಲಿ ಬಹಳಷ್ಟು ಕಾರ್ಯಕ್ಕೆ ಬರಲಿಲ್ಲ. ಇಂಜಿನಿಯರುಗಳಿಗೆ ಇವರು ಬರಿಯ ಕನಸುಗಾರರಾಗಿ ಕಂಡರು. ಮಾತು ಅತಿಯಾಗಿತ್ತು, ಬರವಣಿಗೆ ತೊಡಕಾಗಿತ್ತು ಎಂಬ ಆಕ್ಷೇಪಣೆಯಲ್ಲಿ ಸತ್ಯವೂ ಇಲ್ಲದಿಲ್ಲ.

ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ, ಕರಡು ಯೋಜನೆಯನ್ನು ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಕರೆಯಬೇಕು. ಒಮ್ಮೆ ಅಂಥ ನಕ್ಷೆಯನ್ನು ನೋಡಲು ನಮ್ಮ ಕೇರಿಯ ಹಿರಿಯರೊಡನೆ ನಾನೂ ಹೋಗಿದ್ದೆ. ಅದರಲ್ಲಿದ್ದ ಅಕ್ಷರಗಳೆಲ್ಲ ಇಂಗ್ಲಿಷು. ನಮ್ಮ ಮನೆ ಇದರಲ್ಲಿ ಎಲ್ಲಿದೆಯಪ್ಪಾ ಎಂದು ಅವರು ನನ್ನನ್ನು ಕೇಳಿದರು. ಹುಡುಕಿ ತೋರಿಸಲು ಅರ್ಧ ಗಂಟೆ ಹಿಡಿಯಿತು. ಗೆಡ್ಡಿಸ್ ಅವರು ಪ್ರದರ್ಶನದ ಪಟಗಳನ್ನು ಹೊತ್ತು ಊರೂರು ಏಕೆ ಅಲೆದರೆಂಬುದು ನನಗೆ ಆಗ ಅರ್ಥವಾಯಿತು.

ಕಡೆಗಾಲದಲ್ಲಿ ಇವರು ಫ್ರಾನ್ಸಿನ ಮಾಂಪೆಲಿಯೇ ನಗರದಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಕಾಲೇಜನ್ನು ಕಟ್ಟಿ, ಅಲ್ಲಿಯೇ ತೋಟ ಮಾಡಿಕೊಂಡಿದ್ದರು. 1932ರಲ್ಲಿ ಸರ್ ಪದವಿಯನ್ನು ಸ್ವೀಕರಿಸಿದ ಇವರು ಅದೇ ವರ್ಷದ ಏಪ್ರಿಲ್ 17ರಂದು ಅಲ್ಲಿ ನಿಧನರಾದರು. ಧೂಳು ತಿನ್ನುತ್ತಿದ್ದ ಭಾರತದ ವರದಿಗಳಿಂದ ಆಯ್ದ ಭಾಗಗಳು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟವಾದವು.